ಆಕಳಿಕೆ: ತೆರೆದ ಬಾಯಿಯ ಆಚೆಗೆ

ಈ ಭಾಷಣದ ವಿಷಯ ಆಕಳಿಕೆ. ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ದವಡೆ ತಾನಾಗಿಯೇ ಅಗಲವಾಗಿ ತೆರೆದುಕೊಳ್ಳುತ್ತದೆ. ಉಸಿರು ನಿಧಾನವಾಗಿ, ಬಹಳ ಆಳಕ್ಕೆ ಇಳಿಯುತ್ತದೆ. ಒಂದು ಗಳಿಗೆ ಅಲ್ಲಿ ತಂಗಿ, ಒಳಗೆ ಹೋದುದಕ್ಕಿಂತ ಬೇಗನೆ ಹೊರಬೀಳುತ್ತದೆ. ಅಷ್ಟರಲ್ಲಿ ಕಣ್ಣು ಕಿರಿದಾಗುತ್ತದೆ, ಅಶ್ರುಗ್ರಂಥಿಯ ಮೇಲೆ ಒತ್ತಡ ಬಿದ್ದು ಕಣ್ಣಂಚಿನಲ್ಲಿ ನೀರಾಡುತ್ತದೆ, ಕಿವಿ ಕೊಂಚ ಮಂದವಾಗುತ್ತದೆ, ಕತ್ತು ಹಿಂದಕ್ಕೆ ವಾಲುತ್ತದೆ, ಅನೇಕ ಸಲ ತೋಳುಗಳೂ ಮೇಲೆದ್ದು ಮೈಮುರಿಯುವುದು ಜೊತೆಗೂಡುತ್ತದೆ. ಇಷ್ಟಕ್ಕೆಲ್ಲ ಹಿಡಿಯುವ ಕಾಲ ಸುಮಾರು ಆರು ಸೆಕೆಂಡು. ಒಮ್ಮೆ ಮೊದಲಾದ ಆಕಳಿಕೆಯನ್ನು ನಡುವೆ ನಿಲ್ಲಿಸುವುದು ಬಹುಮಟ್ಟಿಗೆ ಆಗದ ಮಾತು. ತುಟಿಯನ್ನು ಬಿಗಿಹಿಡಿದವರ ದವಡೆಯೂ ಒಳಗೊಳಗೇ ಹಿಗ್ಗಲು ಹವಣಿಸುತ್ತದೆ.

ಆಕಳಿಸುವವರನ್ನು ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ತೆರೆದ ಬಾಯಿ. ಆದ್ದರಿಂದ ಜನಪದರೂ ವೈದ್ಯರೂ ಸಾವಿರಾರು ವರ್ಷ ಒಂದೇ ಪ್ರಶ್ನೆಯನ್ನು ಕೇಳಿದರು: ಈ ಬಾಯಿಯಿಂದ ಒಳಗೆ ಹೋಗುವುದೇನು, ಹೊರಗೆ ಬರುವುದೇನು? ಭೂತ ಒಳಗೆ ಹೋಗುತ್ತದೆಂದರು ಕೆಲವರು, ಪ್ರಾಣ ಹೊರಗೆ ಹೋಗುತ್ತದೆಂದರು ಇನ್ನು ಕೆಲವರು. ಕೆಟ್ಟ ಗಾಳಿ ಹೊರಬಿದ್ದು ಒಳ್ಳೆಯ ಗಾಳಿ ಒಳಸೇರುತ್ತದೆಂದು ವೈದ್ಯರು ಹೇಳಿದರು. ಉತ್ತರಗಳು ಬೇರೆಬೇರೆಯಾಗಿದ್ದರೂ ಪ್ರಶ್ನೆ ಒಂದೇ ಆಗಿತ್ತು. ಕಳೆದ ನಲವತ್ತು ವರ್ಷಗಳ ಸಂಶೋಧನೆಯ ದೊಡ್ಡ ಸಾಧನೆಯೆಂದರೆ ಆ ಪ್ರಶ್ನೆಯನ್ನೇ ಬದಲಾಯಿಸಿ, ಗಮನವನ್ನು ಬಾಯಿಯಿಂದ ಮಿದುಳಿನ ಕಡೆಗೂ, ಒಬ್ಬ ವ್ಯಕ್ತಿಯಿಂದ ಅವನ ಸುತ್ತಲಿನವರ ಕಡೆಗೂ ತಿರುಗಿಸಿದ್ದು.

ಮೊದಲು ನಂಬಿಕೆಗಳನ್ನು ನೋಡಬಹುದು. ಕನ್ನಡ ನಾಡಿನ ಹಳೆಯ ತಲೆಮಾರಿನವರು ಆಕಳಿಸುವಾಗ ಬಲಗೈಯನ್ನು ಬಾಯಿಯ ಹತ್ತಿರ ತಂದು, ಹೆಬ್ಬೆರಳಿಗೆ ನಡುಬೆರಳನ್ನು ತೀಡಿ ಎರಡು ಮೂರು ಸಲ ಚಿಟಿಕೆ ಹೊಡೆಯುವುದು ವಾಡಿಕೆ. ಆಕಳಿಕೆ ಮುಗಿಯುತ್ತಿದ್ದಂತೆ ಹೊರಬೀಳುವ ಉಸಿರಿನ ಜೊತೆಯಲ್ಲೇ ‘ರಾಮ ರಾಮ’ ಎಂದೋ ‘ಶಿವ ಶಿವಾ’ ಎಂದೋ ‘ನಾರಾಯಣ’ ಎಂದೋ ಎಳೆದ ದನಿಯಲ್ಲಿ ದೇವರ ಹೆಸರು ಬರುತ್ತದೆ. ಎಳೆಗೂಸಿಗೆ ಚಿಟಿಕೆ ಹೊಡೆಯಲು ಬಾರದು. ಆದಕಾರಣ ತೊಡೆಯ ಮೇಲಿನ ಮಗು ಆಕಳಿಸಿದರೆ ತಾಯಿಯೋ ಅಜ್ಜಿಯೋ ಅದರ ಪುಟ್ಟ ಬಾಯಿಯ ಮುಂದೆ ತಾನೇ ಚಿಟಿಕೆ ಹೊಡೆಯುತ್ತಾಳೆ. ಈ ಆಚಾರಕ್ಕೆ ಎರಡು ಕಾರಣಗಳನ್ನು ಕೊಡುವುದುಂಟು. ತೆರೆದ ಬಾಯಿಯೊಳಗೆ ಕೆಟ್ಟದ್ದು ಹೊಗಬಾರದೆಂಬುದು ಒಂದು. ಉಸಿರಿನೊಡನೆ ಆಯುಸ್ಸು ಸೋರಿಹೋಗಬಾರದೆಂಬುದು ಇನ್ನೊಂದು. ಎರಡರಲ್ಲಿಯೂ ಬಾಯಿ ಒಂದು ಬಾಗಿಲು, ಚಿಟಿಕೆಯ ಸದ್ದು ಅದರ ಕಾವಲು.

ಚಿಟಿಕೆಗೆ ಸಂಬಂಧಿಸಿದ ಸೊಗಸಾದ ಕಥೆಯೊಂದು ಭಾರತದ ಅನೇಕ ಭಾಷೆಗಳಲ್ಲಿ ಹರಿದಾಡುತ್ತದೆ. ಅದು ವಾಲ್ಮೀಕಿ ರಾಮಾಯಣದಲ್ಲಿಲ್ಲ, ಜನರ ಬಾಯಲ್ಲಿದೆ. ಪಟ್ಟಾಭಿಷೇಕದ ನಂತರ ಸೀತೆಯೂ ತಮ್ಮಂದಿರೂ ಸೇರಿ ರಾಮನ ಎಲ್ಲ ಸೇವೆಗಳನ್ನೂ ತಮ್ಮೊಳಗೆ ಹಂಚಿಕೊಂಡುಬಿಡುತ್ತಾರೆ. ಹನುಮಂತನಿಗೆ ಏನೂ ಉಳಿಯುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಒಂದು ಸೇವೆಯನ್ನು ಅವನು ಬೇಡುತ್ತಾನೆ: ರಾಮನು ಆಕಳಿಸಿದಾಗ ಚಿಟಿಕೆ ಹೊಡೆಯುವ ಸೇವೆ. ಕ್ಷುಲ್ಲಕವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಆಕಳಿಕೆ ಯಾವಾಗ ಬರುತ್ತದೆಂದು ಹೇಳುವುದು ಹೇಗೆ? ಹಾಗಾಗಿ ಹನುಮಂತ ಊಟದಲ್ಲೂ ನಡಿಗೆಯಲ್ಲೂ ರಾಮನ ಮುಖವನ್ನೇ ನೋಡುತ್ತ ಎದುರಿಗೇ ಇರುತ್ತಾನೆ. ರಾತ್ರಿ ಅವನನ್ನು ಹೊರಗೆ ಕಳುಹಿಸಿದಾಗ, ಸೇವೆ ತಪ್ಪಬಾರದೆಂದು ಎಡೆಬಿಡದೆ ಚಿಟಿಕೆ ಹೊಡೆಯತೊಡಗುತ್ತಾನೆ. ಭಕ್ತನ ಚಿಟಿಕೆ ವ್ಯರ್ಥವಾಗಬಾರದೆಂದು ರಾಮನೂ ಎಡೆಬಿಡದೆ ಆಕಳಿಸುತ್ತಾನೆ. ಅರಮನೆಯೆಲ್ಲ ಗಾಬರಿಗೊಂಡ ಮೇಲೆ ಕಾರಣ ತಿಳಿದು, ಹನುಮಂತನಿಗೆ ಅವನ ಸೇವೆ ಮರಳಿ ದೊರೆಯುತ್ತದೆ. ಆಕಳಿಕೆ ಹೇಳಿ ಕೇಳಿ ಬರುವುದಲ್ಲ, ಅದನ್ನು ಮುಂದಾಗಿ ಅರಿಯಲು ಇನ್ನೊಬ್ಬರ ಮುಖದ ಮೇಲೆ ಕಣ್ಣಿಟ್ಟಿರಬೇಕು ಎಂಬ ಸೂಕ್ಷ್ಮವನ್ನು ಈ ಕಥೆ ಕಂಡುಕೊಂಡಿದೆ. ಇಬ್ಬರ ನಡುವಿನ ಆ ನೋಟವೇ ಮುಂದೆ ವಿಜ್ಞಾನದ ಮುಖ್ಯ ವಿಷಯವಾಗಲಿದೆಯೆಂಬುದನ್ನು ಕೇಳುಗರು ಗಮನದಲ್ಲಿಡಬೇಕು.

ದೃಷ್ಟಿ ತೆಗೆಯುವ ಆಚರಣೆಯಲ್ಲಿಯೂ ಆಕಳಿಕೆಗೆ ಸ್ಥಾನವಿದೆ. ಮಗು ಕಾರಣವಿಲ್ಲದೆ ರಚ್ಚೆ ಹಿಡಿದರೆ, ಮೇಲಿಂದ ಮೇಲೆ ಆಕಳಿಸಿದರೆ, ಯಾರದೋ ಕಣ್ಣು ತಾಗಿದೆಯೆಂದು ಮನೆಯ ಹಿರಿಯಳು ಉಪ್ಪು, ಒಣಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ನೀವಾಳಿಸಿ ಒಲೆಗೆ ಹಾಕುತ್ತಾಳೆ. ಮೆಣಸಿನಕಾಯಿ ಸುಟ್ಟರೂ ಘಾಟು ಏಳದಿದ್ದರೆ ದೃಷ್ಟಿ ಬಲವಾಗಿತ್ತೆಂದು ಅರ್ಥ. ನೀವಾಳಿಸುವವಳಿಗೇ ಆಕಳಿಕೆಯ ಮೇಲೆ ಆಕಳಿಕೆ ಬಂದರೂ ಅದೇ ಅರ್ಥ. ವಿಸ್ಮಯದ ಸಂಗತಿಯೆಂದರೆ, ಬಹುದೂರದ ಗ್ರೀಸ್ ದೇಶದಲ್ಲಿಯೂ ಇಂಥದೇ ನಂಬಿಕೆಯಿದೆ. ಅಲ್ಲಿ ನೀರಿನ ಬಟ್ಟಲಿಗೆ ಎಣ್ಣೆಯ ಹನಿ ಬಿಟ್ಟು ಮಂತ್ರ ಹೇಳುವ ಮುದುಕಿ ಪದೇಪದೇ ಆಕಳಿಸಿ ಕಣ್ಣೀರು ತಂದುಕೊಂಡರೆ ದೃಷ್ಟಿದೋಷ ಅವಳ ಮೂಲಕ ಹೊರಟುಹೋಗುತ್ತಿದೆಯೆಂದು ಜನ ತಿಳಿಯುತ್ತಾರೆ. ಒಬ್ಬರ ಮೈಯಲ್ಲಿರುವುದು ಆಕಳಿಕೆಯ ಮೂಲಕ ಇನ್ನೊಬ್ಬರಿಗೆ ದಾಟಬಲ್ಲದೆಂಬ ಕಲ್ಪನೆ ಎರಡೂ ಕಡೆ ಇದೆ.

ಸ್ಪೇನ್, ಇಟಲಿ ಮೊದಲಾದ ಕಡೆ ಆಕಳಿಸುವವರು ಹೆಬ್ಬೆರಳಿನಿಂದ ಬಾಯಿಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವ ರೂಢಿಯಿತ್ತು. ಪ್ರವಾದಿ ಮುಹಮ್ಮದರ ನಡೆನುಡಿಗಳ ಸಂಗ್ರಹಗಳಾದ ಹದೀಸುಗಳಲ್ಲಿ ಸೀನು ದೇವರಿಗೆ ಪ್ರಿಯವೆಂದೂ, ಆಕಳಿಕೆ ಶೈತಾನನ ಕಡೆಯಿಂದ ಬರುವುದರಿಂದ ಅದನ್ನು ಆದಷ್ಟು ತಡೆಯಬೇಕೆಂದೂ ಹೇಳಿದೆ.

ಪುರಾಣಗಳ ದಾರಿ ಇವುಗಳಿಗಿಂತ ಬೇರೆ, ಹೆಚ್ಚು ಆಳವಾದದ್ದು ಕೂಡ. ಮಹಾಭಾರತದ ಉದ್ಯೋಗಪರ್ವದಲ್ಲಿ ಶಲ್ಯನು ಯುಧಿಷ್ಠಿರನಿಗೆ ವೃತ್ರಾಸುರನ ಕಥೆಯನ್ನು ಹೇಳುತ್ತಾನೆ. ಯುದ್ಧದಲ್ಲಿ ವೃತ್ರನು ಇಂದ್ರನನ್ನು ಹಿಡಿದು ನುಂಗಿಬಿಡುತ್ತಾನೆ. ದಿಕ್ಕುಗೆಟ್ಟ ದೇವತೆಗಳು ಜೃಂಭಿಕೆಯನ್ನು, ಎಂದರೆ ಆಕಳಿಕೆಯನ್ನು ಸೃಷ್ಟಿಸುತ್ತಾರೆ. ವೃತ್ರನು ಆಕಳಿಸಿದಾಗ ಇಂದ್ರನು ಮೈಯನ್ನು ಕುಗ್ಗಿಸಿಕೊಂಡು ಆ ತೆರೆದ ಬಾಯಿಯಿಂದ ಹೊರಬರುತ್ತಾನೆ. ಅಂದಿನಿಂದ ಆಕಳಿಕೆ ಲೋಕದ ಪ್ರಾಣಿಗಳನ್ನೆಲ್ಲ ಆಶ್ರಯಿಸಿತೆಂದು ಕಥೆ ಹೇಳುತ್ತದೆ. ಭಾಗವತದ ದಶಮಸ್ಕಂಧದಲ್ಲಿ, ಉಷೆ ಮತ್ತು ಅನಿರುದ್ಧರ ಕಥೆಯಾಗಿ ಯಕ್ಷಗಾನದ ಪ್ರೇಕ್ಷಕರಿಗೂ ಪರಿಚಿತವಾಗಿರುವ ಬಾಣಾಸುರನ ಯುದ್ಧದಲ್ಲಿ, ಭಕ್ತನ ಪರವಾಗಿ ನಿಂತ ಶಿವನ ಮೇಲೆ ಕೃಷ್ಣನು ಜೃಂಭಣಾಸ್ತ್ರವನ್ನು ಪ್ರಯೋಗಿಸುತ್ತಾನೆ. ಆ ಅಸ್ತ್ರ ಗಾಯ ಮಾಡುವುದಿಲ್ಲ; ಶಿವನಿಗೆ ಆಕಳಿಕೆ ಬಂದು ಮಂಕು ಕವಿಯುತ್ತದೆ, ಯುದ್ಧದ ಎಚ್ಚರ ತಪ್ಪುತ್ತದೆ, ಅಷ್ಟೆ. ಇಲ್ಲಿ ಆಕಳಿಕೆ ಬರಿಯ ಬಾಯಿಯ ವಿಷಯವಾಗಿ ಉಳಿದಿಲ್ಲ. ಅದು ಎಚ್ಚರದ ಮಟ್ಟವನ್ನು ಬದಲಾಯಿಸುವ ಶಕ್ತಿಯಾಗಿದೆ. ಪುರಾಣಕಾರರ ಈ ದೃಷ್ಟಿ ಚಿಟಿಕೆಯ ನಂಬಿಕೆಗಿಂತ ಸತ್ಯಕ್ಕೆ ಹತ್ತಿರವಾದುದು.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನೆಯಬಹುದು. ಜನಪದ ನಂಬಿಕೆ ಬಾಯಿಯನ್ನು ಬಾಗಿಲೆಂದು ಬಗೆದು ಅದಕ್ಕೆ ಕಾವಲಿಟ್ಟಿತು. ಪುರಾಣ ಆಕಳಿಕೆಯನ್ನು ಎಚ್ಚರಕ್ಕೂ ಮಂಕಿಗೂ ಜೋಡಿಸಿತು. ಇನ್ನು ವೈದ್ಯರ ಮಾತು.

ಆಯುರ್ವೇದದ ಆಚಾರ್ಯರು ಆಕಳಿಕೆಯನ್ನು ಹೆದರದೆ ನೋಡಿದರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಅದರ ಲಕ್ಷಣವಿದೆ: ಬಾಯಿ ತೆರೆದು ಗಾಳಿಯನ್ನು ಒಂದೇ ಸಲಕ್ಕೆ ಕುಡಿದಂತೆ ಒಳಗೆಳೆದು, ಕಣ್ಣೀರಿನೊಡನೆ ಹೊರಬಿಡುವುದು ಆಕಳಿಕೆ. ಕಣ್ಣೀರನ್ನು ಕೂಡ ಬಿಡದೆ ಗುರುತಿಸಿದ ಈ ನಿಖರತೆ ಮೆಚ್ಚತಕ್ಕದ್ದು. ಚರಕಸಂಹಿತೆ ಇನ್ನೂ ಮುಂದೆ ಹೋಗಿ, ಬಲವಂತದಿಂದ ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವಾಗ ಅವುಗಳಲ್ಲಿ ಆಕಳಿಕೆಯನ್ನೂ ಸೇರಿಸುತ್ತದೆ. ವೇಗವೆಂದರೆ ದೇಹದಲ್ಲಿ ತಾನಾಗಿ ಏಳುವ ಒತ್ತಡ. ಮಲಮೂತ್ರ, ಸೀನು, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಇವೆಲ್ಲ ಆ ವರ್ಗದವು. ಆಕಳಿಕೆಯನ್ನು ತಡೆದರೆ ಮೈ ಬಾಗುವುದು, ಸೆಳೆತ, ಜೋಮು, ನಡುಕಗಳು ಬರುತ್ತವೆಂದೂ, ವಾತವನ್ನು ಶಮನಗೊಳಿಸುವ ಚಿಕಿತ್ಸೆ ಮಾಡಬೇಕೆಂದೂ ಚರಕ ಹೇಳುತ್ತಾನೆ. ಹಾಗೆಂದು ಸಭೆಯಲ್ಲಿ ಬಾಯಿ ತೆರೆದುಕೊಂಡು ಕೂರಬಹುದೆಂದಲ್ಲ. ಬಾಯಿಯನ್ನು ಮುಚ್ಚಿಕೊಳ್ಳದೆ ಆಕಳಿಸಬಾರದು, ಸೀನಬಾರದು, ನಗಬಾರದು ಎಂಬ ಸದ್ವೃತ್ತದ ನಿಯಮವೂ ಅದೇ ಗ್ರಂಥದಲ್ಲಿದೆ. ತಡೆಯಬೇಡ, ಮರೆಮಾಡು ಎಂಬುದು ಅದರ ಒಟ್ಟು ನಿಲುವು; ಇಂದಿಗೂ ಇದಕ್ಕಿಂತ ಒಳ್ಳೆಯ ಶಿಷ್ಟಾಚಾರವನ್ನು ಯಾರೂ ಹೇಳಿಲ್ಲ. ಯೋಗಗ್ರಂಥಗಳು ಪಂಚಪ್ರಾಣಗಳ ಜೊತೆಗೆ ಐದು ಉಪಪ್ರಾಣಗಳನ್ನು ಎಣಿಸಿ, ಅವುಗಳಲ್ಲಿ ದೇವದತ್ತವೆಂಬ ವಾಯುವಿಗೆ ಆಕಳಿಕೆಯ ಕೆಲಸವನ್ನು ವಹಿಸಿವೆ.

ಗ್ರೀಕ್ ವೈದ್ಯಕೀಯವೂ ಗಾಳಿಯನ್ನೇ ಹಿಡಿದುಕೊಂಡಿತು. ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥವೊಂದು ಜ್ವರಕ್ಕೆ ಮುಂಚೆ ಆಕಳಿಕೆ ಬರುವುದನ್ನು ಗಮನಿಸಿ, ಕುದಿಯುವ ಕೊಪ್ಪರಿಗೆಯಿಂದ ಹಬೆ ಏಳುವಂತೆ ಮೈಯೊಳಗೆ ಕೂಡಿಕೊಂಡ ಗಾಳಿ ಬಾಯಿಯಿಂದ ಹೊರಬೀಳುತ್ತದೆಂದು ವಿವರಿಸಿತು. ಆಧುನಿಕ ಕಾಲದಲ್ಲಿ ಗಾಳಿಯ ಹೆಸರು ಬದಲಾಯಿತು, ವಿವರಣೆ ಬದಲಾಗಲಿಲ್ಲ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಅದನ್ನು ಸರಿಪಡಿಸಲು ಆಕಳಿಕೆ ಬರುತ್ತದೆಂಬ ಮಾತು ಶಾಲೆಗಳಲ್ಲಿ ನೆಲೆಯೂರಿತು. ಕಿಕ್ಕಿರಿದ ಕೋಣೆಯಲ್ಲಿ ಜನ ಹೆಚ್ಚಾಗಿ ಆಕಳಿಸುವುದು ಅದಕ್ಕೆ ಸಾಕ್ಷಿಯೆಂದು ತೋರಿತು. ಇಂದಿಗೂ ವಿದ್ಯಾವಂತರಲ್ಲಿ ಬಹುಮಂದಿ ಇದನ್ನೇ ನಂಬಿದ್ದಾರೆ.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್. 1987ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರೂ ಸಹೋದ್ಯೋಗಿಗಳೂ ವಿದ್ಯಾರ್ಥಿಗಳಿಗೆ ಒಮ್ಮೆ ಶುದ್ಧ ಆಮ್ಲಜನಕವನ್ನೂ, ಒಮ್ಮೆ ಸಾಧಾರಣ ಗಾಳಿಯನ್ನೂ, ಒಮ್ಮೆ ಇಂಗಾಲದ ಡೈಆಕ್ಸೈಡ್ ವಾಡಿಕೆಗಿಂತ ನೂರು ಪಟ್ಟು ಹೆಚ್ಚಾಗಿದ್ದ ಗಾಳಿಯನ್ನೂ ಉಸಿರಾಡಲು ಕೊಟ್ಟರು. ಡೈಆಕ್ಸೈಡ್ ಹೆಚ್ಚಿದಾಗ ಉಸಿರಾಟ ಬಿರುಸಾಯಿತು. ಆಕಳಿಕೆ ಹೆಚ್ಚಲಿಲ್ಲ. ಶುದ್ಧ ಆಮ್ಲಜನಕ ಕೊಟ್ಟಾಗ ಆಕಳಿಕೆ ಕಡಿಮೆಯೂ ಆಗಲಿಲ್ಲ. ವ್ಯಾಯಾಮ ಮಾಡಿಸಿ ಉಸಿರಾಟದ ವೇಗವನ್ನು ಇಮ್ಮಡಿಗೊಳಿಸಿದಾಗಲೂ ಆಕಳಿಕೆಯ ಸಂಖ್ಯೆ ಕದಲಲಿಲ್ಲ. ಸರಳವಾದ ಒಂದು ಪ್ರಯೋಗ ಎರಡು ಸಾವಿರ ವರ್ಷಗಳ ಗಾಳಿಯ ಸಿದ್ಧಾಂತವನ್ನು ಬುಡಸಹಿತ ಅಲುಗಿಸಿತು.

ಗರ್ಭಸ್ಥ ಶಿಶುವಿನ ಸಾಕ್ಷ್ಯ ಇನ್ನೂ ಗಟ್ಟಿಯಾದದ್ದು. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಮೂರು ತಿಂಗಳು ತುಂಬುವ ಹೊತ್ತಿನ ಭ್ರೂಣವೂ ಆಕಳಿಸುವುದು ಕಂಡಿದೆ. ದ್ರವದಲ್ಲಿ ತೇಲುತ್ತಿರುವ ಅದಕ್ಕೆ ಆಮ್ಲಜನಕ ಬರುವುದು ಹೊಕ್ಕುಳ ಬಳ್ಳಿಯಿಂದ. ಅದರ ಬಾಯಿಯ ಮುಂದೆ ಗಾಳಿಯೇ ಇಲ್ಲ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಯಿ ಸುಮ್ಮನೆ ತೆರೆಯುವುದನ್ನೂ ಆಕಳಿಕೆಯನ್ನೂ ಬೇರ್ಪಡಿಸಿ ನೋಡಿದಾಗ, ಏಳನೆಯ ತಿಂಗಳಿನಿಂದ ಮುಂದೆ ಆಕಳಿಕೆ ಕ್ರಮೇಣ ಕಡಿಮೆಯಾಗುವುದು ಕಂಡುಬಂತು. ನಿದ್ದೆಗೆಡದ, ಬೇಸರವನ್ನೇ ಅರಿಯದ, ಗಾಳಿಯನ್ನೇ ಸೇವಿಸದ ಜೀವ ಆಕಳಿಸುತ್ತದೆ. ಬೆಳೆಯುತ್ತಿರುವ ಮಿದುಳಿಗೂ ಆಕಳಿಕೆಗೂ ನಂಟಿದೆಯೆಂದು ಊಹಿಸಲು ಇದು ಕಾರಣವಾಯಿತು.

ಆದ್ದರಿಂದ ಪ್ರಶ್ನೆ ಬಾಯಿಯನ್ನು ಬಿಟ್ಟು ಮಿದುಳಿಗೆ ಏರಿತು. ಮಿದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಹಸಿವು, ನಿದ್ರೆ, ಮೈಬಿಸಿಗಳನ್ನು ಹತೋಟಿಯಲ್ಲಿಡುವುದು ಅದರ ಕೆಲಸ. ಅಲ್ಲಿನ ಒಂದು ನರಕೋಶ ಸಮೂಹವನ್ನು ಡೋಪಮೀನ್, ಆಕ್ಸಿಟೋಸಿನ್ ಎಂಬ ರಾಸಾಯನಿಕಗಳಿಂದ ಕೆರಳಿಸಿದರೆ ಇಲಿಗಳು ಆಕಳಿಸತೊಡಗುತ್ತವೆ. ಖಿನ್ನತೆಗೆ ಕೊಡುವ, ಸೆರೊಟೋನಿನ್ ಎಂಬ ರಾಸಾಯನಿಕದ ಮಟ್ಟವನ್ನು ಹೆಚ್ಚಿಸುವ ಕೆಲವು ಔಷಧಿಗಳಿಂದ ರೋಗಿಗಳಿಗೆ ನಿದ್ದೆಯಿಲ್ಲದೆಯೂ ಆಕಳಿಕೆ ಹೆಚ್ಚುತ್ತದೆ. ಅಫೀಮಿನ ಚಟವನ್ನು ಬಿಟ್ಟವರಲ್ಲಿ ಮೊದಲ ದಿನಗಳಲ್ಲಿ ಕಾಣುವ ಲಕ್ಷಣಗಳಲ್ಲಿ ಬಿಡದ ಆಕಳಿಕೆಯೂ ಒಂದು.

ಪಾರ್ಶ್ವವಾಯು ಹೊಡೆದ ಕೆಲವರಲ್ಲಿ ಕಾಣುವ ಒಂದು ದೃಶ್ಯವನ್ನು ವೈದ್ಯಗ್ರಂಥಗಳು ದಾಖಲಿಸಿವೆ. ರೋಗಿಯ ಒಂದು ಕೈ ಸ್ವಾಧೀನ ತಪ್ಪಿ ಮಡಿಲಲ್ಲಿ ಬಿದ್ದಿರುತ್ತದೆ; ಎಷ್ಟು ಪ್ರಯತ್ನಪಟ್ಟರೂ ಬೆರಳು ಕೂಡ ಎತ್ತಲಾಗುವುದಿಲ್ಲ. ಆಕಳಿಕೆ ಬಂದಾಗ ಅದೇ ಕೈ ತಾನಾಗಿ ಮೇಲೇಳುತ್ತದೆ. ಆಕಳಿಕೆ ಮುಗಿಯುತ್ತಲೇ ಮತ್ತೆ ಕೆಳಗೆ ಬೀಳುತ್ತದೆ. ನೋಡುವ ಮನೆಯವರಿಗೆ ಗುಣವಾಗುವ ಆಸೆ ಮೂಡುವುದು ಸಹಜ. ಆದರೆ ಇಲ್ಲಿ ನಡೆಯುತ್ತಿರುವುದೇ ಬೇರೆ. ಇಚ್ಛೆಯಿಂದ ಕೈಯನ್ನು ಆಡಿಸುವ ದಾರಿ ಮಿದುಳಿನ ಮೇಲ್ಭಾಗದಿಂದ ಹೊರಡುತ್ತದೆ, ಅದು ಕಡಿದುಹೋಗಿದೆ. ಆಕಳಿಕೆಯ ಆಜ್ಞೆ ಹೊರಡುವುದು ಮಿದುಳಿನ ಕಾಂಡದಂಥ ಹಳೆಯ, ಆಳದ ಭಾಗಗಳಿಂದ. ಆ ದಾರಿ ಇನ್ನೂ ತೆರೆದಿದೆ. ಮನುಷ್ಯನ ಇಚ್ಛೆಗಿಂತ ಆಕಳಿಕೆ ಎಷ್ಟು ಪ್ರಾಚೀನವಾದದ್ದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಮತ್ತೊಂದಿಲ್ಲ. ಚಾರ್ಲ್ಸ್ ಡಾರ್ವಿನ್ 1838ರ ಸುಮಾರಿಗೆ ತನ್ನ ಟಿಪ್ಪಣಿ ಪುಸ್ತಕದಲ್ಲಿ, ನಾಯಿ, ಕುದುರೆ, ಮನುಷ್ಯರು ಒಂದೇ ಬಗೆಯಲ್ಲಿ ಆಕಳಿಸುವುದರಲ್ಲಿ ಎಲ್ಲ ಪ್ರಾಣಿಗಳ ಮೈಕಟ್ಟಿನ ಏಕತೆಯನ್ನು ಕಂಡಿದ್ದ.

ಮಿದುಳು ಆಕಳಿಕೆಯನ್ನು ಹುಟ್ಟಿಸುತ್ತದೆಂಬುದು ಸರಿ, ಆದರೆ ಯಾತಕ್ಕಾಗಿ? ಬಹುಮಂದಿ ತಜ್ಞರು ಒಪ್ಪುವ ಉತ್ತರವೆಂದರೆ ಅದು ಸ್ಥಿತಿಯ ಬದಲಾವಣೆಗೆ ಸಂಬಂಧಿಸಿದ್ದು. ನಿದ್ದೆಯಿಂದ ಎಚ್ಚರಕ್ಕೆ, ಎಚ್ಚರದಿಂದ ನಿದ್ದೆಗೆ, ಬೇಸರದಿಂದ ಚಟುವಟಿಕೆಗೆ ದಾಟುವ ಹೊತ್ತಿನಲ್ಲಿ ಅದು ಹೆಚ್ಚು. ಸಪ್ಪೆಯಾದ ಚಿತ್ರವನ್ನು ಬಹಳ ಹೊತ್ತು ನೋಡುವವರು ಹೆಚ್ಚು ಆಕಳಿಸುತ್ತಾರೆಂಬುದು ಪ್ರೊವೈನರ ಇನ್ನೊಂದು ಪ್ರಯೋಗದಿಂದ ತಿಳಿದಿದೆ. ಆದರೆ ಓಟಕ್ಕೆ ಮುಂಚೆ ಕ್ರೀಡಾಪಟುಗಳು, ವಿಮಾನದಿಂದ ಮೊದಲ ಸಲ ಧುಮುಕುವ ಮುಂಚೆ ಸೈನಿಕರು ಆಕಳಿಸುವುದೂ ಅಷ್ಟೇ ನಿಜ. ಅವರಲ್ಲಿ ಸೋಮಾರಿತನದ ಸುಳಿವೂ ಇಲ್ಲ. ತರಗತಿಯಲ್ಲಿ ಆಕಳಿಸಿದ ವಿದ್ಯಾರ್ಥಿಯನ್ನು ಗದರುವ ಉಪಾಧ್ಯಾಯರು ಇದನ್ನು ಯೋಚಿಸಬೇಕು. ಆ ಮಗುವಿನ ದೇಹ ಜಡತೆಗೆ ಶರಣಾಗದೆ, ಎಚ್ಚರವಾಗಿರಲು ಹೆಣಗುತ್ತಿರಬಹುದು.

ಅಮೆರಿಕದ ಸಂಶೋಧಕ ಆಂಡ್ರೂ ಗ್ಯಾಲಪ್ ಮತ್ತು ಅವರ ಸಂಗಡಿಗರು ಇನ್ನೊಂದು ವಿವರಣೆಯನ್ನು ಮುಂದಿಟ್ಟಿದ್ದಾರೆ. ಕೆಲಸ ಮಾಡುವ ಮಿದುಳು ಬಿಸಿಯಾಗುತ್ತದೆ. ಬಿಸಿ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದು ಆರಿಸುವಂತೆ, ದವಡೆಯ ಬಲವಾದ ಎಳೆತದಿಂದ ಚುರುಕಾಗುವ ರಕ್ತಸಂಚಾರವೂ ಒಳಬರುವ ತಂಪು ಗಾಳಿಯೂ ಸೇರಿ ಅದನ್ನು ತಣಿಸುತ್ತವೆ ಎಂಬುದು ಆ ವಾದ. 2007ರಲ್ಲಿ ಅವರು ಕೆಲವರ ಹಣೆಗೆ ತಣ್ಣನೆಯ ಪೊಟ್ಟಣವನ್ನು ಹಿಡಿಸಿ ಇತರರು ಆಕಳಿಸುವ ಚಿತ್ರಗಳನ್ನು ತೋರಿಸಿದರು. ಬಿಸಿ ಅಥವಾ ಸಾಧಾರಣ ಪೊಟ್ಟಣ ಹಿಡಿದವರಲ್ಲಿ ಹತ್ತಕ್ಕೆ ನಾಲ್ವರು ಆಕಳಿಸಿದರೆ, ತಣ್ಣನೆಯದನ್ನು ಹಿಡಿದವರಲ್ಲಿ ಹತ್ತಕ್ಕೆ ಒಬ್ಬರು ಮಾತ್ರ ಆಕಳಿಸಿದರು. ಮೂಗಿನಿಂದಷ್ಟೇ ಉಸಿರಾಡಿದವರು ಆಕಳಿಸಲೇ ಇಲ್ಲ. ಅಮೆರಿಕದ ಮರುಭೂಮಿಯ ನಗರವಾದ ಟೂಸಾನಿನಲ್ಲಿ ದಾರಿಹೋಕರನ್ನು ಪರೀಕ್ಷಿಸಿದಾಗ ಹಿತವಾದ ಚಳಿಗಾಲದಲ್ಲಿ ಆಕಳಿಕೆ ಹೆಚ್ಚು, ಮೈಶಾಖದಷ್ಟೇ ಬಿಸಿಯಿರುವ ಬೇಸಿಗೆಯಲ್ಲಿ ಕಡಿಮೆ. ಕೊರೆಯುವ ಚಳಿಯ ವಿಯೆನ್ನಾದಲ್ಲಿ ಅದಕ್ಕೆ ತಿರುಗುಮುರುಗು: ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಎರಡು ಊರುಗಳಲ್ಲಿಯೂ ಇಪ್ಪತ್ತು ಡಿಗ್ರಿಯ ಆಸುಪಾಸಿನ ಹವೆಯಲ್ಲೇ ಆಕಳಿಕೆಗೆ ಸುಗ್ಗಿ. 2021ರಲ್ಲಿ ಸುಮಾರು ನೂರು ಜಾತಿಯ ಸಸ್ತನಿ ಮತ್ತು ಹಕ್ಕಿಗಳ ಆಕಳಿಕೆಯನ್ನು ಅಳೆದು ನೋಡಿದಾಗ ಮಿದುಳು ದೊಡ್ಡದಾದಷ್ಟೂ ಆಕಳಿಕೆ ದೀರ್ಘವಾಗುವುದು ಕಂಡಿತು. ಇಲಿಯದು ಒಂದೆರಡು ಸೆಕೆಂಡಿನೊಳಗೆ ಮುಗಿಯುತ್ತದೆ, ಮನುಷ್ಯನದು ಆರು. ಕೆಲವು ಸೆಕೆಂಡಿನ ಉಸಿರು ಮಿದುಳನ್ನು ಎಷ್ಟು ತಣಿಸೀತೆಂದು ಆಕ್ಷೇಪಿಸುವವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೂ ಅಳೆಯಬಹುದಾದ ಭವಿಷ್ಯವಾಣಿಗಳನ್ನು ಕೊಟ್ಟ ಸಿದ್ಧಾಂತವೆಂಬ ಗೌರವ ಇದಕ್ಕೆ ಸಲ್ಲಬೇಕು.

ಇಷ್ಟರಿಂದ ತಿಳಿದದ್ದು ಇದು: ಆಕಳಿಕೆ ಗಾಳಿಯ ಕೊರತೆಯಿಂದ ಬರುವುದಲ್ಲ, ಅದು ಮಿದುಳಿನ ಆಳದಿಂದ ಹೊರಟು ಎಚ್ಚರದ ಮಟ್ಟವನ್ನು ಹೊಂದಿಸುವ ಕೆಲಸದಲ್ಲಿ ಪಾಲುಗೊಳ್ಳುತ್ತದೆ. ಉಳಿದಿರುವುದು ಅದರ ಅತ್ಯಂತ ವಿಚಿತ್ರವಾದ ಗುಣ, ಅಂಟುವ ಗುಣ.

ತೆಲುಗಿನಲ್ಲೊಂದು ಗಾದೆಯಿದೆ. ಆಕಳಿಕೆಗೆ ಅಣ್ಣನಿದ್ದಾನೆ, ಸೀನಿಗೆ ತಮ್ಮನಿಲ್ಲ ಎಂದು ಅದರ ತಾತ್ಪರ್ಯ. ಒಬ್ಬರು ಆಕಳಿಸಿದರೆ ಇನ್ನೊಬ್ಬರದು ಹಿಂದೆಯೇ ಬರುತ್ತದೆ, ಸೀನು ಮಾತ್ರ ಒಂಟಿ. ಇದು ಶುದ್ಧವಾದ ವೀಕ್ಷಣೆ, ಭೂತದ ಸೋಂಕಿಲ್ಲದ ವಿಜ್ಞಾನ. ಅರಿಸ್ಟಾಟಲನ ಹೆಸರಿನಲ್ಲಿರುವ ಪ್ರಶ್ನೆಗಳ ಸಂಗ್ರಹದಲ್ಲಿಯೂ ಇತರರು ಆಕಳಿಸುವುದನ್ನು ಕಂಡು ಜನ ತಾವೂ ಆಕಳಿಸುವುದೇಕೆಂಬ ಪ್ರಶ್ನೆ ಎದ್ದಿದೆ. ಪ್ರೊವೈನರು ಐದು ನಿಮಿಷ ಆಕಳಿಕೆಯ ಚಿತ್ರಗಳನ್ನು ತೋರಿಸಿದಾಗ ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಕಳಿಸಿದರು. ನಗುವ ಮುಖ ತೋರಿಸಿದಾಗ ಆಕಳಿಸಿದವರು ಐದರಲ್ಲೊಬ್ಬರು. ಬಳಿಕ ಅವರು ಚಿತ್ರದ ಬಾಯಿಯನ್ನು ಮರೆಮಾಡಿ ಮುಖದ ಉಳಿದ ಭಾಗವನ್ನು ಹಾಗೆಯೇ ಬಿಟ್ಟರು. ಆಕಳಿಕೆ ಅಂಟಿತು. ತೆರೆದ ಬಾಯಿಯನ್ನು ಮಾತ್ರ ಉಳಿಸಿ ಉಳಿದುದನ್ನು ಮರೆಮಾಡಿದರು. ಅಂಟಲಿಲ್ಲ. ಸಾವಿರಾರು ವರ್ಷ ಎಲ್ಲರ ಗಮನವನ್ನು ಸೆಳೆದಿದ್ದ ಬಾಯಿ, ಆಕಳಿಕೆಯನ್ನು ದಾಟಿಸುವ ಕೆಲಸದಲ್ಲಿ ಮುಖ್ಯವೇ ಅಲ್ಲವೆಂದು ಇದರಿಂದ ತಿಳಿಯಿತು. ಕೈಯಿಂದ ಬಾಯಿ ಮುಚ್ಚಿಕೊಂಡು ಆಕಳಿಸಿದರೂ ಎದುರಿನವರಿಗೆ ಅದು ತಗುಲುವುದು ಇದೇ ಕಾರಣಕ್ಕೆ. ನೋಟವೇ ಬೇಕೆಂದಿಲ್ಲ, ದನಿ ಕೇಳಿದರೂ, ಅದರ ಬಗ್ಗೆ ಓದಿದರೂ, ಬರಿದೇ ನೆನೆದರೂ ಬರುತ್ತದೆ. ಈ ಭಾಷಣವನ್ನು ಕೇಳುತ್ತ ಯಾರಿಗಾದರೂ ಈಗಾಗಲೇ ಆಕಳಿಕೆ ಬಂದಿದ್ದರೆ ಅದು ಅಗೌರವವಲ್ಲ, ಮಿದುಳಿನ ಸಹಜ ಧರ್ಮ.

ಆದರೆ ಅದು ಎಲ್ಲರಿಂದ ಎಲ್ಲರಿಗೂ ಒಂದೇ ಸಮನಾಗಿ ಅಂಟುವುದಿಲ್ಲ. ಇಟಲಿಯ ನೋರ್ಷಾ ಮತ್ತು ಪಲಾಜಿ ಎಂಬ ಸಂಶೋಧಕರು ಒಂದು ವರ್ಷ ಕಾಲ ಸುಮಾರು ನೂರು ಮಂದಿಯನ್ನು ಅವರಿಗೆ ಅರಿವಾಗದಂತೆ ಊಟದ ಮನೆ, ರೈಲು, ಕಚೇರಿಗಳಲ್ಲಿ ಗಮನಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಕಳಿಕೆ ಅತಿ ಹೆಚ್ಚಾಗಿ ಅಂಟಿದ್ದು ರಕ್ತಸಂಬಂಧಿಗಳ ನಡುವೆ, ಆಮೇಲೆ ಗೆಳೆಯರಲ್ಲಿ, ಆಮೇಲೆ ಪರಿಚಿತರಲ್ಲಿ. ಅಪರಿಚಿತರ ನಡುವೆ ಅತಿ ಕಡಿಮೆ. ಮಕ್ಕಳಿಗೆ ಆಕಳಿಕೆ ಹುಟ್ಟಿನಿಂದಲೇ ಇದ್ದರೂ ಇತರರದು ಅಂಟತೊಡಗುವುದು ಸುಮಾರು ನಾಲ್ಕೈದನೆಯ ವಯಸ್ಸಿನಲ್ಲಿ, ಇತರರ ಮನಸ್ಸನ್ನು ಅರಿಯುವ ಶಕ್ತಿ ಮೊಳೆಯುವ ಕಾಲದಲ್ಲಿ. ಜಪಾನಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ಚಿಂಪಾಂಜಿಗಳಿಗೆ ಆಕಳಿಕೆಯ ಚಿತ್ರಗಳನ್ನು ತೋರಿಸಿದಾಗ ಎರಡು ಸ್ಪಷ್ಟವಾಗಿ ಪ್ರತಿಕ್ರಿಯೆ ಕೊಟ್ಟವು. ಲಂಡನ್ನಿನಲ್ಲಿ 2008ರಲ್ಲಿ ಸುಮಾರು ಮೂವತ್ತು ನಾಯಿಗಳ ಮುಂದೆ ಮನುಷ್ಯನೊಬ್ಬ ಆಕಳಿಸಿದಾಗ ಇಪ್ಪತ್ತಕ್ಕೂ ಹೆಚ್ಚು ನಾಯಿಗಳು ಆಕಳಿಸಿದವು.

ಇವುಗಳಿಂದ, ಅಂಟುವ ಆಕಳಿಕೆ ಅನುಕಂಪದ ಗುರುತೆಂದು ಅನೇಕರು ತೀರ್ಮಾನಿಸಿದರು. ತೀರ್ಮಾನ ಆಕರ್ಷಕವಾಗಿದೆ, ಆದರೆ ಅವಸರದ್ದು. ಆಟಿಸಂ ಇರುವ ಮಕ್ಕಳಿಗೆ ಆಕಳಿಕೆ ಕಡಿಮೆ ಅಂಟುತ್ತದೆಂದು ಮೊದಲು ವರದಿಯಾದಾಗ, ಅವರಲ್ಲಿ ಅನುಕಂಪ ಕಡಿಮೆಯೆಂಬ ಕಠಿಣವಾದ ಮಾತಿಗೆ ಅದು ಆಧಾರವಾಯಿತು. ಮುಂದಿನ ಪ್ರಯೋಗದಲ್ಲಿ ಆ ಮಕ್ಕಳ ಗಮನವನ್ನು ಎದುರಿನವರ ಕಣ್ಣಿನ ಕಡೆಗೆ ತಿರುಗಿಸಿದಾಗ ಅವರೂ ಇತರ ಮಕ್ಕಳಷ್ಟೇ ಆಕಳಿಸಿದರು. ಕೊರತೆ ಇದ್ದದ್ದು ಮುಖ ನೋಡುವ ಅಭ್ಯಾಸದಲ್ಲಿ, ಮನಸ್ಸಿನಲ್ಲಲ್ಲ. ಸ್ವಂತದವರ ಮುಖವನ್ನು ಜನ ಹೆಚ್ಚು ನೋಡುತ್ತಾರೆ, ಆದ್ದರಿಂದ ಅವರ ಆಕಳಿಕೆ ಹೆಚ್ಚು ಅಂಟುತ್ತದೆಂಬ ಸರಳ ವಿವರಣೆಯನ್ನು ತಳ್ಳಿಹಾಕಲು ಬರುವುದಿಲ್ಲ. ಒಂದು ಮಗುವಿನ ಹೃದಯವನ್ನು ಅದರ ಆಕಳಿಕೆಯಿಂದ ಅಳೆಯುವುದು ಸಲ್ಲದು. ನಾಯಿಗಳ ಮೇಲಿನ ಮುಂದಿನ ಪ್ರಯೋಗಗಳೂ ಒಂದೇ ಫಲವನ್ನು ಕೊಟ್ಟಿಲ್ಲ. ಮೇಲಾಗಿ ಪ್ರಾಣಿಗಳ ಎಲ್ಲ ಆಕಳಿಕೆಯೂ ಒಂದೇ ಅರ್ಥದ್ದಲ್ಲ. ದೇವಸ್ಥಾನದ ಕಟ್ಟೆಯ ಮೇಲಿನ ಗಂಡು ಕೋತಿ ಉದ್ದನೆಯ ಕೋರೆಹಲ್ಲುಗಳನ್ನು ಪೂರ್ತಿ ತೋರಿಸಿ ಆಕಳಿಸಿದರೆ ಅದು ಬೆದರಿಕೆಯೂ ಆಗಿರಬಹುದು, ಹಣ್ಣು ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಕ್ಷೇಮ.

ಕೊನೆಯದಾಗಿ ದಿನಬಳಕೆಗೆ ಬೇಕಾದ ಕೆಲವು ಮಾತು. ಆಗುಂಬೆ, ಚಾರ್ಮಾಡಿಯಂಥ ಘಟ್ಟಗಳನ್ನು ಹತ್ತಿಳಿಯುವಾಗ ಕಿವಿ ಕಟ್ಟಿದಂತಾದರೆ ಆಕಳಿಕೆಯಿಂದ ಬಿಡುತ್ತದೆ. ಗಂಟಲಿಗೂ ನಡುಗಿವಿಗೂ ನಡುವಿನ ನಾಳ ತೆರೆದು ಎರಡೂ ಕಡೆಯ ಒತ್ತಡ ಸಮವಾಗುವುದೇ ಕಾರಣ. ಅರೆತಲೆನೋವಿಗೆ ಮುಂಚೆ, ತಲೆಸುತ್ತಿ ಬೀಳುವ ಮುಂಚೆ ಕೆಲವರಿಗೆ ಸಾಲುಸಾಲಾಗಿ ಆಕಳಿಕೆ ಬರುವುದುಂಟು. ಸಾಕಷ್ಟು ನಿದ್ದೆ ಮಾಡಿಯೂ ಹೊಸದಾಗಿ, ವಿಪರೀತವಾಗಿ ಬರುವ ಆಕಳಿಕೆಯನ್ನು ವೈದ್ಯರಿಗೆ ತಿಳಿಸಬೇಕು. ಅಪರೂಪಕ್ಕೆ ದವಡೆಯ ಕೀಲು ತಪ್ಪಿ ಬಾಯಿ ಮುಚ್ಚಲಾಗದೆ ಹೋಗುವುದೂ ಇದೆ; ಅದನ್ನು ಕೂರಿಸಬೇಕಾದವರು ವೈದ್ಯರೇ.

ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ ಹೊತ್ತು ಬಸ್ಸು, ಲಾರಿ, ಕಾರುಗಳನ್ನು ಓಡಿಸುವವರ ಆಕಳಿಕೆ. ಆಮ್ಲಜನಕದ ಹಳೆಯ ನಂಬಿಕೆಯಿಂದಾಗಿ ಅವರು ಕಿಟಕಿಯ ಗಾಜನ್ನು ಇಳಿಸಿ ಗಾಳಿಗೆ ಮುಖ ಒಡ್ಡುತ್ತಾರೆ, ಇಲ್ಲವೆ ರೇಡಿಯೋದ ದನಿಯನ್ನು ಏರಿಸುತ್ತಾರೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರಾದ ರೇನರ್ ಮತ್ತು ಹಾರ್ನ್ 1998ರಲ್ಲಿ ಈ ಎರಡು ಉಪಾಯಗಳನ್ನೂ ಪರೀಕ್ಷಿಸಿ, ಅವುಗಳ ಫಲ ಅಲ್ಪವೆಂದೂ ತಾತ್ಕಾಲಿಕವೆಂದೂ ತೋರಿಸಿದರು. ಕಾಫಿ ಮತ್ತು ಹದಿನೈದು ನಿಮಿಷದ ನಿದ್ದೆ ಅವುಗಳಿಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತವೆಂಬುದನ್ನೂ ಅವರ ಅಧ್ಯಯನಗಳು ತೋರಿಸಿವೆ. ಚಕ್ರದ ಮುಂದೆ ಕುಳಿತವರಿಗೆ ಆಕಳಿಕೆಯ ಮೇಲೆ ಆಕಳಿಕೆ ಬಂದರೆ ವಾಹನವನ್ನು ರಸ್ತೆಯಿಂದ ದೂರ, ಬೆಳಕಿರುವ ಜಾಗದಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ಅದು ಮೈಗೆ ಹತ್ತುವವರೆಗಿನ ಕಾಲು ಗಂಟೆ ಕಣ್ಣು ಮುಚ್ಚಿ ಮಲಗಬೇಕು.